ಬೆಳಗಾವಿ–ಖಾನಾಪುರ ಭಾಗದ ಕಿರಿಯರ ಕುಸ್ತಿ: ತಾಲೀಮು, ಜಾತ್ರೆ ಮತ್ತು ಸ್ಪರ್ಧಾಕ್ರಮ

ಉತ್ತರ ಕರ್ನಾಟಕದ ಜಾತ್ರೆಗಳ ಪ್ರಚಾರಪತ್ರಗಳಲ್ಲಿ ‘ಜಂಗಿ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹ ಇಂದಿಗೂ ಕಾಣಸಿಗುತ್ತದೆ. ‘ಜಂಗಿ’ ಎಂದರೆ ಭಾರಿಯಾದ ಎಂದೂ ‘ನಿಕಾಲಿ’ ಎಂದರೆ ಸೋಲು ಗೆಲುವು ಇತ್ಯರ್ಥವಾಗುವವರೆಗೆ ನಡೆಯುವ ಎಂದೂ ಅರ್ಥ. ಈ ಪತ್ರಗಳಲ್ಲಿ ಮೊದಲನೆಯ ನಂಬರು, ಎರಡನೆಯ ನಂಬರು, ಮೂರನೆಯ ನಂಬರು ಎಂಬ ಅನುಕ್ರಮದಲ್ಲಿ ಹೆಸರಾಂತ ಪೈಲ್ವಾನರ ಜೋಡಿಗಳು, ಅವರ ಊರು, ತಾಲೀಮು ಹಾಗೂ ಇನಾಮಿನ ವಿವರ ಭಾವಚಿತ್ರಸಮೇತ ಅಚ್ಚಾಗಿರುತ್ತವೆ. ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನುಳಿದ ಚಿಕ್ಕ ದೊಡ್ಡ ಕುಸ್ತಿಗಳನ್ನೂ ನಡೆಸಲಾಗುವುದು ಎಂಬ ಅರ್ಥದ ಒಂದು ಸಾಲು ಇರುತ್ತದೆ. ಹೆಸರಿಲ್ಲದ ಆ ಚಿಕ್ಕ ಕುಸ್ತಿಗಳೇ ಪ್ರಸ್ತುತ ಲೇಖನದ ವಸ್ತು.

ಕುಸ್ತಿಯನ್ನು ಕುರಿತ ಕನ್ನಡದ ಬರೆಹಗಳು ಬಹುಮಟ್ಟಿಗೆ ಪ್ರಸಿದ್ಧ ಮಲ್ಲರ ಜೀವನಚರಿತ್ರೆ, ಪಟ್ಟುಗಳ ವಿವರಣೆ ಮತ್ತು ರಾಜಾಶ್ರಯದ ಇತಿಹಾಸಗಳಿಗೆ ಸೀಮಿತವಾಗಿವೆ. ಹತ್ತರಿಂದ ಹದಿನೆಂಟು ವರ್ಷದೊಳಗಿನ ಹುಡುಗರು ಎಲ್ಲಿ ಕಲಿಯುತ್ತಾರೆ, ಯಾರೊಡನೆ ಸೆಣಸುತ್ತಾರೆ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೇಗೆ ಏರುತ್ತಾರೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಪರಿಸರವನ್ನು ಗಮನಿಸಿದಾಗ, ಈ ಕಿರಿಯರ ಕುಸ್ತಿಯು ಬಿಡಿಬಿಡಿಯಾದ ಮನರಂಜನೆಯಲ್ಲ, ತಂಡ, ಋತುಮಾನ, ಬಡ್ತಿ ಮತ್ತು ತೀರ್ಪುಗಾರರನ್ನುಳ್ಳ ಒಂದು ಅಲಿಖಿತ ಸ್ಪರ್ಧಾವ್ಯವಸ್ಥೆ ಎಂಬುದು ಸ್ಪಷ್ಟವಾಗುತ್ತದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕಿರಿಯರ ಪ್ರಾದೇಶಿಕ ಲೀಗು. ಇದರ ನಿಯಮಗಳು ಅಚ್ಚಾಗಿಲ್ಲ. ಇದರ ಫಲಿತಾಂಶಗಳು ಜನರ ನೆನಪಿನಲ್ಲಿ ಮಾತ್ರ ಉಳಿಯುತ್ತವೆ. ಈ ಎರಡನೆಯ ಸಂಗತಿಯೇ ಇಂದು ಈ ಹುಡುಗರ ಪಾಲಿಗೆ ತೊಡಕಾಗಿರುವುದನ್ನು ಮುಂದೆ ನೋಡಬಹುದು.

ಪರಿಸರ ಮತ್ತು ಹಿನ್ನೆಲೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್ ದೂರ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಪಟ್ಟಣವನ್ನು ಹಾದು ಪೂರ್ವಕ್ಕೆ ಹರಿಯುತ್ತದೆ. ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಅರಣ್ಯ ಹಾಗೂ ವಿಪರೀತ ಮಳೆಯ ಪ್ರದೇಶ. ಪೂರ್ವ ಭಾಗ ಬಯಲಿಗೆ ತೆರೆದುಕೊಳ್ಳುತ್ತದೆ. ಕದಂಬರ ಉಪರಾಜಧಾನಿಯೆನಿಸಿದ ಹಲಸಿ ಈ ತಾಲ್ಲೂಕಿನಲ್ಲಿದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಇಲ್ಲಿಯದೇ. ರಾಯಣ್ಣನನ್ನು ಕುರಿತ ಲಾವಣಿ ಮತ್ತು ಗೀಗೀ ಪರಂಪರೆಯಲ್ಲಿ ಅವನ ಗರಡಿಯ ಸಾಮು ಪ್ರಮುಖ ಆಶಯವಾಗಿದ್ದು, ಸಂಗೊಳ್ಳಿಯಲ್ಲಿ ಗರಡಿಮನೆಯೊಂದನ್ನು ಅವನ ಹೆಸರಿನೊಂದಿಗೆ ಇಂದಿಗೂ ಗುರುತಿಸಲಾಗುತ್ತದೆ. ಈ ಭಾಗದ ಹುಡುಗನೊಬ್ಬ ಗರಡಿಯ ಮಣ್ಣಿಗೆ ಇಳಿಯುವಾಗ ಅವನ ಬೆನ್ನಿಗೆ ಇಂತಹ ಕಥನಗಳ ಬಲವಿರುತ್ತದೆ.

ಕುಸ್ತಿಯ ಶಾಸ್ತ್ರೀಯ ಉಲ್ಲೇಖಗಳೂ ಈ ನಾಡಿಗೆ ಹೊಸವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣವು ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳ ಆಧಾರದ ಮೇಲೆ ವಿಂಗಡಿಸುತ್ತದೆ, ಅವರ ವ್ಯಾಯಾಮ ಮತ್ತು ಆಹಾರದ ಕ್ರಮವನ್ನೂ ಹೇಳುತ್ತದೆ. ಮಲ್ಲರನ್ನು ವಯಸ್ಸಿಗೆ ತಕ್ಕಂತೆ ವರ್ಗೀಕರಿಸಬೇಕೆಂಬ ಕಲ್ಪನೆ ಆಧುನಿಕ ಕ್ರೀಡಾಸಂಸ್ಥೆಗಳಿಗಿಂತ ಬಹು ಹಿಂದಿನದು ಎಂಬುದು ಇದರಿಂದ ವಿದಿತವಾಗುತ್ತದೆ.

ಆಧುನಿಕ ಕಾಲದಲ್ಲಿ ಈ ಭಾಗದ ಕುಸ್ತಿಗೆ ದೊಡ್ಡ ಪ್ರೇರಣೆ ದೊರೆತದ್ದು ಕೊಲ್ಲಾಪುರದಿಂದ. ಛತ್ರಪತಿ ಶಾಹೂ ಮಹಾರಾಜರು ಮಲ್ಲರಿಗೆ ಆಶ್ರಯ ನೀಡಿದ್ದಲ್ಲದೆ, 1912ರಲ್ಲಿ ಪೂರ್ಣಗೊಂಡ ಖಾಸಬಾಗ ಮೈದಾನವನ್ನು ಕುಸ್ತಿಗಾಗಿಯೇ ಕಟ್ಟಿಸಿದರು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಕೊಲ್ಲಾಪುರದ ತಾಲೀಮುಗಳಿಗೂ ಇಲ್ಲಿನ ಹಳ್ಳಿಗಳಿಗೂ ನಡುವಿನ ಹೋಗಿಬರುವಿಕೆ ಸಹಜವಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕವೂ ಅದು ಕಡಿಯಲಿಲ್ಲ. ಚಿಕ್ಕೋಡಿ ಭಾಗದ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಲಾಪುರದ ಶಾಹೂಪುರಿ ತಾಲೀಮಿನಲ್ಲಿ ಪಳಗಿ, 1959ರಲ್ಲಿ ಹಿಂದ್ ಕೇಸರಿ ಪಟ್ಟ ಗೆದ್ದ ಶ್ರೀಪತಿ ಖಂಚನಾಳೆ ಅವರು ಇದಕ್ಕೆ ಉತ್ತಮ ನಿದರ್ಶನ. 2020ರಲ್ಲಿ ಅವರು ನಿಧನರಾದಾಗ ಎರಡೂ ರಾಜ್ಯಗಳ ಕುಸ್ತಿಪ್ರೇಮಿಗಳು ಅವರನ್ನು ತಮ್ಮವರೆಂದೇ ನೆನೆದರು.

ತಾಲೀಮು ಎಂಬ ತಂಡ

ಕುಸ್ತಿ ಮೇಲುನೋಟಕ್ಕೆ ಇಬ್ಬರ ಆಟ. ಆದರೆ ಜಾತ್ರೆಯ ಕಣದಲ್ಲಿ ಹುಡುಗನ ಹೆಸರಿನ ಜೊತೆಗೆ ಕೂಗುವುದು ಅವನ ಊರು ಮತ್ತು ತಾಲೀಮಿನ ಹೆಸರನ್ನು. ಗೆಲುವು ತಾಲೀಮಿಗೆ ಸೇರುತ್ತದೆ. ಸೋಲಿಗೆ ವಸ್ತಾದರು ಉತ್ತರ ಹೇಳಬೇಕಾಗುತ್ತದೆ. ಈ ಅರ್ಥದಲ್ಲಿ ತಾಲೀಮೇ ತಂಡ. ಬೆಳಗಾವಿ ನಗರದ ಹಳೆಯ ಗಲ್ಲಿಗಳಲ್ಲಿ, ಸುತ್ತಲಿನ ಕಂಗ್ರಾಳಿ, ಮುಚ್ಚಂಡಿ, ಸಾಂಬ್ರಾ, ಯಳ್ಳೂರು ಮೊದಲಾದ ಊರುಗಳಲ್ಲಿ ಕುಸ್ತಿಯ ಗೀಳು ತಲೆಮಾರುಗಳಿಂದ ಬಂದಿದೆ.

ತಾಲೀಮಿನ ಕಟ್ಟಡ ಸರಳವಾದುದು. ತಗ್ಗಾದ ಬಾಗಿಲು, ಗಾಳಿ ಬೆಳಕು ಮಿತವಾಗಿ ಬರುವ ಕಿಟಕಿ, ನಡುವೆ ಮಣ್ಣಿನ ಹೊಂಡ, ಒಂದು ಗೋಡೆಯಲ್ಲಿ ಹನುಮಂತನ ಮೂರ್ತಿ ಅಥವಾ ಚಿತ್ರ, ಮೂಲೆಯಲ್ಲಿ ಕರ್ಲಾ, ಗದೆ, ಎತ್ತುವ ಕಲ್ಲುಗಳು. ಬಾಗಿಲು ತಗ್ಗಾಗಿರುವುದರಿಂದ ಒಳಬರುವವನು ತಲೆಬಾಗಿಯೇ ಬರಬೇಕು ಎಂಬ ವಿವರಣೆಯನ್ನು ಹಿರಿಯರು ಹೇಳುತ್ತಾರೆ. ಹನುಮಂತನೆದುರು ಕೈಮುಗಿದು ಸಾಮು ಆರಂಭಿಸುವವರಲ್ಲಿ ಎಲ್ಲ ಜಾತಿಯವರೂ ಮುಸಲ್ಮಾನ ಹುಡುಗರೂ ಇರುವುದು ಈ ಭಾಗದ ತಾಲೀಮುಗಳ ಸಾಮಾನ್ಯ ಲಕ್ಷಣ.

ಹುಡುಗನೊಬ್ಬ ಹತ್ತು ಹನ್ನೆರಡರ ವಯಸ್ಸಿಗೆ ತಾಲೀಮಿಗೆ ಬರುತ್ತಾನೆ. ಮೊದಲ ಕೆಲವು ತಿಂಗಳು ಅವನಿಗೆ ಪಟ್ಟು ಹೇಳಿಕೊಡುವುದಿಲ್ಲ. ನಸುಕಿನಲ್ಲಿ ಎದ್ದು ಸಲಿಕೆ ಹಿಡಿದು ಹೊಂಡದ ಮಣ್ಣನ್ನು ಕೆದಕುವುದು, ಹಿರಿಯರ ಮೈ ತಿಕ್ಕುವುದು, ದಂಡ, ಬೈಠಕ್, ಸಪಾಟಿ ಹೊಡೆಯುವುದು ಅವನ ಪಾಠ. ಮಣ್ಣು ಕೆದಕುವ ಕೆಲಸವೇ ಭುಜ, ಸೊಂಟ ಮತ್ತು ಮುಂಗೈಗಳಿಗೆ ಕಸುವು ತುಂಬುತ್ತದೆ. ಬಳಿಕ ತನಗಿಂತ ಕೊಂಚ ದೊಡ್ಡವನೊಡನೆ ಹಿಡಿತ ಬಿಡಿಸಿಕೊಳ್ಳುವ ‘ಜೋರು’ ಆರಂಭವಾಗುತ್ತದೆ. ದೊಡ್ಡವನು ಇಲ್ಲಿ ಎದುರಾಳಿಯೂ ಹೌದು, ಗುರುವೂ ಹೌದು. ಚಿಕ್ಕವನ ಬಲಕ್ಕೆ ತಕ್ಕಷ್ಟೇ ಬಲ ಹಾಕುವುದು ಅವನ ಹೊಣೆ. ಇಪ್ಪತ್ತು ಹುಡುಗರಿರುವ ತಾಲೀಮಿನಲ್ಲಿ ಒಬ್ಬ ವಸ್ತಾದರೇ ಎಲ್ಲರಿಗೂ ಕಲಿಸಲು ಸಾಧ್ಯವಾಗುವುದು ಈ ಮೆಟ್ಟಿಲು ಮೆಟ್ಟಿಲಾದ ಕಲಿಕೆಯಿಂದ. ಕೆಳಗಿನ ಮೆಟ್ಟಿಲಿಗೆ ಹೊಸ ಹುಡುಗರು ಬರುವುದು ನಿಂತರೆ ಮೇಲಿನವರ ಅಭ್ಯಾಸವೂ ಕೆಡುತ್ತದೆ.

ವಸ್ತಾದರಿಗೆ ಗೊತ್ತುಪಡಿಸಿದ ಸಂಬಳವಿರುವುದು ಅಪರೂಪ. ಗುರುಪೌರ್ಣಿಮೆಯಂದು ಶಿಷ್ಯರು ಸಲ್ಲಿಸುವ ಗೌರವ, ಜಾತ್ರೆಯಲ್ಲಿ ಕಟ್ಟುವ ರುಮಾಲು ಇವೇ ಅವರ ಸಂಭಾವನೆ. ಹುಡುಗನ ಖುರಾಕಿನ ಹೊರೆ ಮಾತ್ರ ಮನೆಯವರದು. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ, ಮಾಂಸಾಹಾರಿಗಳಿಗೆ ಮೊಟ್ಟೆ ಮತ್ತು ಮಾಂಸ ಇವುಗಳ ಖರ್ಚನ್ನು ಸಣ್ಣ ಹಿಡುವಳಿಯ ಕುಟುಂಬವೊಂದು ವರ್ಷಗಟ್ಟಲೆ ಹೊರಬೇಕು. ಮನೆಯಲ್ಲಿ ಎಮ್ಮೆಯಿದ್ದ ಹುಡುಗ ಪೈಲ್ವಾನನಾದ ಎಂಬ ಮಾತಿನ ಹಿಂದೆ ಈ ಆರ್ಥಿಕ ಸತ್ಯವಿದೆ.

ಮಣ್ಣಿನ ಸಿದ್ಧತೆ

ಖಾನಾಪುರ ಜೇಡಿಮಣ್ಣಿಗೆ ಹೆಸರಾದ ಊರು. ಹೆಂಚು ಮತ್ತು ಕುಂಬಾರಿಕೆ ಇಲ್ಲಿನ ಹಳೆಯ ಕಸುಬುಗಳಾಗಿದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯೂ ಇಲ್ಲಿಯೇ ನೆಲೆಗೊಂಡಿತು. ಆದರೆ ಮಡಕೆಗೆ ಒಳ್ಳೆಯದಾದ ಮಣ್ಣು ಕುಸ್ತಿಗೆ ಒಳ್ಳೆಯದಲ್ಲ. ಮಡಕೆಯ ಮಣ್ಣು ಜಿಗುಟಾಗಿರಬೇಕು, ನೀರು ತಾಗಿದಾಗ ಅಂಟಬೇಕು. ಕುಸ್ತಿಯ ಮಣ್ಣು ಬೆವರು ತಾಗಿದರೂ ಅಂಟಬಾರದು, ಒಣಗಿದಾಗ ಹೆಪ್ಪುಗಟ್ಟಬಾರದು, ಬಿದ್ದವನನ್ನು ಮೆತ್ತಗೆ ಹೊರಬೇಕು. ಹೀಗಾಗಿ ಕೆಂಪು ಮಣ್ಣನ್ನು ತಂದು, ಕಲ್ಲು ಕಡ್ಡಿ ಆರಿಸಿ, ಜರಡಿ ಹಿಡಿದು, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ, ಕರ್ಪೂರ ಮುಂತಾದವನ್ನು ಬೆರೆಸಿ ಹದಗೊಳಿಸುತ್ತಾರೆ. ಎಣ್ಣೆ ಮತ್ತು ಮಜ್ಜಿಗೆಗಳು ಧೂಳೇಳದಂತೆ ತಡೆದರೆ, ಅರಿಸಿನ ಮತ್ತು ನಿಂಬೆ ತರಚು ಗಾಯಗಳು ಕೀವಾಗದಂತೆ ಕಾಯುತ್ತವೆ ಎಂಬುದು ತಾಲೀಮುಗಳ ತಿಳಿವಳಿಕೆ.

ಕಣಕ್ಕಿಳಿಯುವ ಮುನ್ನ ಮಣ್ಣನ್ನು ಹಣೆಗೆ ಒತ್ತಿಕೊಳ್ಳುವುದು, ಕೈ ಮಿಲಾಯಿಸುವಾಗ ಎದುರಾಳಿಯ ಮೈಗೆ ಮಣ್ಣು ಹಚ್ಚುವುದು ಆಚರಣೆಯಾಗಿಯೂ ಉಪಯೋಗವಾಗಿಯೂ ಅರ್ಥಪೂರ್ಣ. ಬೆವರಿದ ಮೈ ಜಾರುತ್ತದೆ. ಮಣ್ಣು ಹಿಡಿತ ಕೊಡುತ್ತದೆ. ತನಗೆ ಹಿಡಿತ ಸಿಗಲೆಂದು ಎದುರಾಳಿಯ ಮೈಗೆ ಮಣ್ಣು ಹಚ್ಚುವವನು ತನ್ನ ಮೈಗೂ ಅವನಿಂದ ಮಣ್ಣು ಹಚ್ಚಿಸಿಕೊಳ್ಳುತ್ತಾನೆ. ಪಂದ್ಯ ಸಮಾನ ನೆಲೆಯಲ್ಲಿ ಆರಂಭವಾಗಬೇಕೆಂಬ ನಿಯಮ ಇಲ್ಲಿ ಆಚರಣೆಯ ರೂಪದಲ್ಲಿದೆ.

ಜಾತ್ರೆಯ ಋತುಮಾನ

ಈ ಸ್ಪರ್ಧಾವ್ಯವಸ್ಥೆಯ ವೇಳಾಪಟ್ಟಿಯನ್ನು ನಿರ್ಧರಿಸುವುದು ಕೃಷಿ ಮತ್ತು ದೇವತೆಗಳು. ಖಾನಾಪುರ ಭಾಗದಲ್ಲಿ ಮುಂಗಾರಿನ ತಿಂಗಳುಗಳು ಭತ್ತದ ನಾಟಿಯ ಕಾಲ. ಹೊರಗೆ ಮಳೆ ಸುರಿಯುವಾಗ ತಾಲೀಮಿನೊಳಗೆ ಅಭ್ಯಾಸ ನಡೆಯುತ್ತದೆ. ನಾಗರಪಂಚಮಿಯ ಹೊತ್ತಿಗೆ ಗರಡಿ ಪೂಜೆ ಮತ್ತು ಸಣ್ಣಪುಟ್ಟ ಕುಸ್ತಿಗಳಾಗುತ್ತವೆ. ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಸಾಲು ಆರಂಭವಾಗಿ ಬೇಸಿಗೆಯ ಚೈತ್ರ ವೈಶಾಖಗಳವರೆಗೆ ಮುಂದುವರಿಯುತ್ತದೆ. ಗ್ರಾಮದೇವತೆಯ ಜಾತ್ರೆಗಳು ಕೆಲವು ಊರುಗಳಲ್ಲಿ ವರ್ಷಂಪ್ರತಿ ನಡೆದರೆ, ಇನ್ನು ಕೆಲವು ಊರುಗಳಲ್ಲಿ ಅನೇಕ ವರ್ಷಗಳ ಅಂತರದ ಮೇಲೆ ನಡೆಯುತ್ತವೆ. ಯಳ್ಳೂರಿನ ಚಾಂಗಳೇಶ್ವರಿ ಜಾತ್ರೆ, ಬೆಳಗಾವಿಯ ಆನಂದವಾಡಿ ಅಖಾಡ, ಖಾನಾಪುರದ ಮಲಪ್ರಭಾ ಕ್ರೀಡಾಂಗಣ ಇವು ಈ ಭಾಗದ ಕುಸ್ತಿಪ್ರಿಯರಿಗೆ ಪರಿಚಿತವಾದ ಕಣಗಳು. ವಸ್ತಾದರು ಹುಡುಗರನ್ನು ಕರೆದುಕೊಂಡು ಒಂದು ಜಾತ್ರೆಯಿಂದ ಇನ್ನೊಂದಕ್ಕೆ ತಿರುಗುತ್ತಾರೆ. ಅದೇ ಹುಡುಗರು ಬೇರೆ ಬೇರೆ ಊರುಗಳಲ್ಲಿ ಮತ್ತೆ ಮತ್ತೆ ಎದುರಾಗುವುದರಿಂದ ಋತುವಿನ ಕೊನೆಗೆ ಯಾರು ಯಾರಿಗಿಂತ ಮೇಲು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಜೋಡಿ ಹಚ್ಚುವ ಕ್ರಮ

ದೊಡ್ಡ ಕುಸ್ತಿಗಳ ಜೋಡಿ ಮೊದಲೇ ಗೊತ್ತಾಗಿರುತ್ತದೆ. ಹುಡುಗರ ಜೋಡಿಯನ್ನು ಕಣದಲ್ಲಿಯೇ ಹಚ್ಚುತ್ತಾರೆ. ಮಧ್ಯಾಹ್ನದ ಬಿಸಿಲಿಳಿಯುವ ಮೊದಲೇ, ಜನ ಇನ್ನೂ ಪೂರ್ತಿ ಸೇರಿರದ ಹೊತ್ತಿನಲ್ಲಿ, ಹಲಗೆಯ ಸದ್ದಿಗೆ ಇವರ ಕುಸ್ತಿ ಶುರುವಾಗುತ್ತದೆ. ಪಂಚರೊಬ್ಬರು ಹುಡುಗನ ಕೈ ಹಿಡಿದು ಕಣದ ಸುತ್ತ ತೋರಿಸುತ್ತ ನಡೆಯುತ್ತಾರೆ. ಅವನಿಗೆ ಸರಿಸಾಟಿಯೆಂದು ತಿಳಿದವನು ಗುಂಪಿನಿಂದ ಎದ್ದು ಬರುತ್ತಾನೆ. ಪಂಚರು ಇಬ್ಬರನ್ನೂ ಬೆನ್ನಿಗೆ ಬೆನ್ನು ನಿಲ್ಲಿಸಿ ಎತ್ತರ ನೋಡುತ್ತಾರೆ. ಕುತ್ತಿಗೆ, ಮಣಿಕಟ್ಟು, ತೊಡೆಗಳನ್ನು ಮುಟ್ಟಿ ನೋಡುತ್ತಾರೆ. ಕಿವಿಯ ಆಕಾರವನ್ನೂ ಗಮನಿಸುವುದುಂಟು. ಕಿವಿ ಮುದುಡಿ ಗಟ್ಟಿಯಾಗಿದ್ದರೆ ಹುಡುಗ ಚಿಕ್ಕವನಾಗಿ ಕಂಡರೂ ಅವನಿಗೆ ಅಭ್ಯಾಸ ಹೆಚ್ಚು ಎಂದರ್ಥ. ಎರಡೂ ಕಡೆಯ ವಸ್ತಾದರು ಒಪ್ಪಿದ ಮೇಲೆಯೇ ಜೋಡಿ ಸ್ಥಿರವಾಗುತ್ತದೆ. ತೂಕದ ಯಂತ್ರವಾಗಲಿ ವಯಸ್ಸಿನ ಪತ್ರವಾಗಲಿ ಇಲ್ಲದ ಈ ಕ್ರಮದಲ್ಲಿ ಹಿರಿಯರ ಕಣ್ಣು ಮತ್ತು ಕೈಗಳೇ ಅಳತೆಗೋಲು.

ತೀರ್ಪು ಸರಳ. ಎರಡೂ ಭುಜಗಳು ಏಕಕಾಲಕ್ಕೆ ನೆಲ ಮುಟ್ಟಿದರೆ ಅವನು ‘ಚಿತ್’ ಆದ ಎಂದು ಲೆಕ್ಕ. ಅಂಕಗಳಿಲ್ಲ. ಬಹಳ ಹೊತ್ತಾದರೂ ಇತ್ಯರ್ಥವಾಗದಿದ್ದರೆ ಪಂಚರು ‘ಬರೋಬರಿ’ ಎಂದು ಸಾರಿ ಇಬ್ಬರ ಕೈಯನ್ನೂ ಎತ್ತುತ್ತಾರೆ. ತೀರ ಚಿಕ್ಕವರಿಗೆ ರೇವಡಿ, ಬತ್ತಾಸು ಅಥವಾ ತೆಂಗಿನಕಾಯಿ. ಕೊಂಚ ಬೆಳೆದವರಿಗೆ ಸಣ್ಣ ಮೊತ್ತದ ಹಣ. ಗೆದ್ದ ಹುಡುಗ ಕಣವನ್ನು ಸುತ್ತು ಹಾಕುವಾಗ ಪ್ರೇಕ್ಷಕರು ಕೈಗೆ ಬಂದಷ್ಟು ಕೊಡುತ್ತಾರೆ.

ಬಡ್ತಿಯ ಕ್ರಮ ಇಲ್ಲಿಂದಲೇ ಆರಂಭ. ಒಂದು ಜಾತ್ರೆಯಲ್ಲಿ ಕಾಯಿಯ ಕುಸ್ತಿ ಗೆದ್ದವನಿಗೆ ಮುಂದಿನ ಜಾತ್ರೆಯಲ್ಲಿ ಹಣದ ಕುಸ್ತಿ ಸಿಗುತ್ತದೆ. ಅದನ್ನು ಕೆಲವು ಊರುಗಳಲ್ಲಿ ಗೆದ್ದರೆ ಸಂಜೆಯ ಕುಸ್ತಿಗಳಿಗೆ ಸರಿಯುತ್ತಾನೆ. ಆಮೇಲೆ ಎಂದೋ ಒಂದು ವರ್ಷ ಅವನ ಹೆಸರು ಪ್ರಚಾರಪತ್ರದಲ್ಲಿ ಅಚ್ಚಾಗುತ್ತದೆ. ಬಿಸಿಲಿನಿಂದ ಸಂಜೆಗೆ, ಸಂಜೆಯಿಂದ ದೀಪದ ಬೆಳಕಿಗೆ ಸರಿಯುವ ಈ ಪಯಣವೇ ಪೈಲ್ವಾನನ ಬೆಳವಣಿಗೆ. ಇದರ ಅಂಕಪಟ್ಟಿ ವಸ್ತಾದರು, ಪಂಚರು ಮತ್ತು ಊರೂರು ತಿರುಗುವ ಪ್ರೇಕ್ಷಕರ ನೆನಪಿನಲ್ಲಿರುತ್ತದೆ.

ಕಣದ ಭಾಷೆ

ಬೆಳಗಾವಿ ಎಂದೊಡನೆ ಭಾಷೆಯ ಮತ್ತು ಗಡಿಯ ವಿವಾದ ನೆನಪಾಗುವುದು ಸಹಜ. ಕುಸ್ತಿಯ ಕಣದ ಶಬ್ದಕೋಶ ಮಾತ್ರ ಬೇರೆಯದೇ ಚಿತ್ರವನ್ನು ಕೊಡುತ್ತದೆ. ‘ತಾಲೀಮು’ ಮತ್ತು ‘ಇನಾಮು’ ಅರಬ್ಬಿ ಮೂಲದವು. ‘ಕುಸ್ತಿ’, ‘ಪೈಲ್ವಾನ’, ‘ಖುರಾಕು’, ‘ಬರೋಬರಿ’ ಪಾರಸಿ ಮೂಲದವು. ‘ಉಸ್ತಾದ’ ಎಂಬ ಪಾರಸಿ ಪದವೇ ಮರಾಠಿ ಮತ್ತು ಕನ್ನಡಗಳಲ್ಲಿ ‘ವಸ್ತಾದ’ ಎಂದಾಗಿದೆ. ‘ಮಲ್ಲ’ ಸಂಸ್ಕೃತದ್ದು. ‘ಪಟ್ಟು’, ‘ಹಿಡಿ’, ‘ಸಾಮು’, ‘ಗರಡಿ’ ಕನ್ನಡಿಗರ ಬಾಯಲ್ಲಿ ಬೆಳೆದವು. ‘ಧೋಬಿ’, ‘ಢಾಕ’, ‘ಘಿಸ್ಸಾ’, ‘ಕಲಾಜಂಗ’ ಮೊದಲಾದ ಪಟ್ಟುಗಳ ಹೆಸರು ಮರಾಠಿ, ಹಿಂದಿ ಮತ್ತು ಕನ್ನಡ ಮಾತನಾಡುವವರಿಗೆ ಸಮಾನವಾಗಿ ತಿಳಿಯುತ್ತವೆ. ಮನೆಯಲ್ಲಿ ಕನ್ನಡ ಅಥವಾ ಮರಾಠಿ ಅಥವಾ ಉರ್ದು ಆಡುವ ಮೂವರು ಹುಡುಗರು ತಾಲೀಮಿನಲ್ಲಿ ಇದೇ ಒಂದು ಭಾಷೆಯಲ್ಲಿ ಕಲಿಯುತ್ತಾರೆ. ಗಡಿಪ್ರದೇಶದ ಸಾಂಸ್ಕೃತಿಕ ಅಧ್ಯಯನಕ್ಕೆ ಈ ಪದಸಂಪತ್ತು ಮೌಲಿಕ ಆಕರವಾಗಬಲ್ಲದು.

ಅನ್ಯನಾಡಿನ ಒಂದು ಹೋಲಿಕೆ

ಜನಪದ ವ್ಯವಸ್ಥೆಯೊಂದರ ಸ್ವರೂಪವನ್ನು ದೂರದ ನಾಡಿನ ಸಂಘಟಿತ ವ್ಯವಸ್ಥೆಯೊಂದಿಗೆ ಇಟ್ಟು ನೋಡಿದಾಗ ಎರಡರ ಗುಣದೋಷಗಳೂ ಎದ್ದು ಕಾಣುತ್ತವೆ. ಕೆನಡಾ ದೇಶದ ಕಿರಿಯರ ಐಸ್ ಹಾಕಿ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಪಶ್ಚಿಮ ಪ್ರಾಂತಗಳು, ಒಂಟಾರಿಯೊ ಹಾಗೂ ಕ್ವಿಬೆಕ್ ಮತ್ತು ಸಾಗರತೀರದ ಪ್ರಾಂತಗಳಿಗೆ ಪ್ರತ್ಯೇಕವಾದ ಮೂರು ಪ್ರಾದೇಶಿಕ ಕಿರಿಯರ ಲೀಗುಗಳಿವೆ. ನೆರೆಯ ಅಮೆರಿಕದ ಕೆಲವು ತಂಡಗಳೂ ಸೇರಿ ಇವುಗಳಲ್ಲಿ ಸುಮಾರು 60 ತಂಡಗಳು ಆಡುತ್ತವೆ. ಆಟಗಾರರು ಬಹುಮಟ್ಟಿಗೆ 16ರಿಂದ 20 ವರ್ಷದವರು. ಮೂರೂ ಲೀಗುಗಳ ವಿಜೇತರು ಮತ್ತು ಆತಿಥೇಯ ತಂಡ ಸೆಣಸುವ ಮೆಮೋರಿಯಲ್ ಕಪ್ 1919ರಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಯೋಧರ ಸ್ಮರಣೆಗಾಗಿ ಆರಂಭವಾಯಿತು.

ಅಲ್ಲಿಯೂ ಅನೇಕ ತಂಡಗಳು ಸಣ್ಣ ಪಟ್ಟಣಗಳವು. ಊರಿನ ಮಾನ ತಂಡದೊಡನೆ ಬೆಸೆದುಕೊಂಡಿದೆ. ದೂರದಿಂದ ಬಂದ ಹುಡುಗರನ್ನು ಆ ಊರಿನ ಕುಟುಂಬಗಳು ಮನೆಯಲ್ಲಿಟ್ಟುಕೊಂಡು ಊಟ ವಸತಿ ನೋಡಿಕೊಳ್ಳುವ ಪದ್ಧತಿಯಿದೆ. ಜಾತ್ರೆಗೆ ಬಂದ ಪರವೂರ ತಾಲೀಮಿನ ಹುಡುಗರಿಗೆ ಊರಿನ ಮನೆಗಳಲ್ಲಿ ಊಟ ಹಾಕುವ ನಮ್ಮ ವಾಡಿಕೆಗೆ ಇದು ಸಮೀಪದ್ದು. ಆದರೆ ಮುಖ್ಯ ಭೇದವೊಂದಿದೆ. ಅಲ್ಲಿ ಪ್ರತಿ ಪಂದ್ಯದ ಫಲಿತಾಂಶ, ಪ್ರತಿ ಆಟಗಾರನ ಸಾಧನೆ ದಾಖಲಾಗುತ್ತದೆ. ವೃತ್ತಿಪರ ಆಟಗಾರರಾಗುವವರು ಕೆಲವರೇ ಎಂಬುದನ್ನು ಮನಗಂಡು, ಆಡಿದ ಋತುಗಳಿಗೆ ಅನುಗುಣವಾಗಿ ಉನ್ನತ ಶಿಕ್ಷಣಕ್ಕೆ ನೆರವು ನೀಡುವ ಏರ್ಪಾಡೂ ಅಲ್ಲಿದೆ. ನಮ್ಮ ವ್ಯವಸ್ಥೆಯಲ್ಲಿ ಊರಿನ ಪ್ರೀತಿಯಿದೆ, ಗುರುಶಿಷ್ಯ ಸಂಬಂಧವಿದೆ, ಸ್ಪರ್ಧೆಯಿದೆ. ದಾಖಲೆ ಮತ್ತು ಸೋತವನ ನಾಳೆಯ ಕುರಿತ ಯೋಚನೆ ಇಲ್ಲ.

ಮಣ್ಣಿನಿಂದ ಮ್ಯಾಟಿಗೆ

ಈ ಕೊರತೆಯ ತೀವ್ರತೆ ಅರಿವಾಗುವುದು ಹುಡುಗ ಮಣ್ಣಿನಿಂದ ಮ್ಯಾಟಿಗೆ ಹೋದಾಗ. ಅಂತರರಾಷ್ಟ್ರೀಯ ಸ್ಪರ್ಧೆಗಳು 9 ಮೀಟರ್ ವ್ಯಾಸದ ವೃತ್ತವುಳ್ಳ ಮ್ಯಾಟಿನ ಮೇಲೆ, ಮೂರು ಮೂರು ನಿಮಿಷದ ಎರಡು ಅವಧಿಗಳಲ್ಲಿ, ಅಂಕಗಳ ಆಧಾರದಲ್ಲಿ ನಡೆಯುತ್ತವೆ. 15 ಮತ್ತು 17 ವರ್ಷದೊಳಗಿನವರಿಗೆ ಅವಧಿ ಎರಡೆರಡು ನಿಮಿಷದ್ದು. ಮಣ್ಣಿನ ಪೈಲ್ವಾನ ಎದುರಾಳಿಯನ್ನು ದಣಿಸಿ ಬೆನ್ನು ಮುಟ್ಟಿಸಲು ಕಾಯುತ್ತಾನೆ. ಮ್ಯಾಟಿನಲ್ಲಿ ಕಾದವನು ಅಂಕ ಕಳೆದುಕೊಳ್ಳುತ್ತಾನೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೂಢಿಯಿಲ್ಲದ ಮ್ಯಾಟಿನ ಮೇಲೆ ಸೆಣಸಿ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷಗಳ ಬಳಿಕ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಮಣ್ಣಿನಲ್ಲಿ ಕಲಿತದ್ದು ವ್ಯರ್ಥವಲ್ಲ, ಆದರೆ ಅದನ್ನು ಮ್ಯಾಟಿಗೆ ಒಗ್ಗಿಸಲು ಕಾಲ ಬೇಕು ಎಂಬುದಕ್ಕೆ ಅವರ ಉದಾಹರಣೆ ಸಾಕು.

ಕೌಶಲ್ಯಕ್ಕಿಂತ ದೊಡ್ಡ ತೊಡಕು ಕಾಗದದ್ದು. ಸೇನೆ, ಪೊಲೀಸ್, ರೈಲ್ವೆ ಇಲಾಖೆಗಳ ಕ್ರೀಡಾ ಮೀಸಲಾತಿಗೆ ಮಾನ್ಯತೆ ಪಡೆದ ಸ್ಪರ್ಧೆಗಳ ಪ್ರಮಾಣಪತ್ರ ಬೇಕು. ಶಾಲಾ ಕ್ರೀಡಾಕೂಟಗಳಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂಬ ವಿಭಾಗಗಳಿದ್ದು ಜನನ ದಾಖಲೆ ಮತ್ತು ತೂಕ ಕಡ್ಡಾಯ. ಐದಾರು ವರ್ಷ ಇಪ್ಪತ್ತು ಮೂವತ್ತು ಜಾತ್ರೆಗಳಲ್ಲಿ ಗೆದ್ದ ಹುಡುಗನ ಬಳಿ ರುಮಾಲು, ಗದೆ, ಒಂದಿಷ್ಟು ಭಾವಚಿತ್ರಗಳು ಇರುತ್ತವೆ, ಪ್ರಮಾಣಪತ್ರ ಇರುವುದಿಲ್ಲ. ಕಣದಲ್ಲಿ ಎಲ್ಲರಿಗೂ ಗೊತ್ತಿರುವ ಅವನ ಯೋಗ್ಯತೆ ಕಚೇರಿಯ ಮೇಜಿನೆದುರು ಯಾರಿಗೂ ಗೊತ್ತಿಲ್ಲದ್ದಾಗುತ್ತದೆ. ಮೈಗೆ ಪೆಟ್ಟಾದರೆ ಅದರ ಖರ್ಚೂ ಮನೆಯವರದೇ. ಇದನ್ನು ಅರಿತ ಪಾಲಕರು ಹುಡುಗರನ್ನು ತಾಲೀಮಿಗಿಂತ ಕ್ರೀಡಾ ವಸತಿನಿಲಯಗಳಿಗೆ ಕಳಿಸಲು ಬಯಸುವುದು ಸಹಜ. ಬೆಳಗಾವಿಯ ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರದಲ್ಲಿ ಬಾಲಕರ ಕ್ರೀಡಾ ಕಂಪನಿಯಿದ್ದು, ಚಿಕ್ಕ ವಯಸ್ಸಿನಲ್ಲೇ ಆಯ್ಕೆಯಾದವರಿಗೆ ಶಿಕ್ಷಣದ ಜೊತೆ ಕುಸ್ತಿಯ ತರಬೇತಿ ಸಿಗುತ್ತದೆ. ಆದರೆ ಇಂತಹ ಕೇಂದ್ರಗಳು ಆರಿಸಿಕೊಳ್ಳುವ ಹುಡುಗರು ಮೊದಲು ಮೈ ಹುರಿಗೊಳಿಸಿಕೊಂಡಿರುವುದು ಊರಿನ ತಾಲೀಮುಗಳಲ್ಲಿ. ಬೇರು ಒಣಗಿದರೆ ಕೊಂಬೆಗೆ ಹಸಿರಿಲ್ಲ.

2020 ಮತ್ತು 2021ರ ಬೇಸಿಗೆಗಳಲ್ಲಿ ಕೊರೊನಾ ನಿರ್ಬಂಧಗಳಿಂದಾಗಿ ಜಾತ್ರೆಗಳು ನಿಂತಾಗ ಈ ವ್ಯವಸ್ಥೆಯ ಸೂಕ್ಷ್ಮತೆ ಬಯಲಾಯಿತು. ಹದಿಮೂರು ಹದಿನಾಲ್ಕರ ಹುಡುಗನಿಗೆ ಎರಡು ಋತುಗಳೆಂದರೆ ಚಿಕ್ಕವರ ಕುಸ್ತಿಯಿಂದ ದೊಡ್ಡವರ ಕುಸ್ತಿಗೆ ದಾಟುವ ಪೂರ್ತಿ ಅವಧಿ. ವಂತಿಗೆ ಕಡಿಮೆಯಾದಾಗ ಅಥವಾ ಹೊತ್ತು ಮೀರಿದಾಗ ಸಂಘಟಕರು ಮೊದಲು ಕೈಬಿಡುವುದೂ ಮಕ್ಕಳ ಕುಸ್ತಿಗಳನ್ನೇ.

ಹೆಣ್ಣುಮಕ್ಕಳ ಪ್ರವೇಶ

ಸಾಂಪ್ರದಾಯಿಕ ತಾಲೀಮು ಗಂಡಸರ ಆವರಣ. ಆದರೆ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಸೇರ್ಪಡೆಯಾದ ಬಳಿಕ ಚಿತ್ರ ಬದಲಾಗತೊಡಗಿತು. ಖಾನಾಪುರಕ್ಕೆ ಹೊಂದಿಕೊಂಡಿರುವ ಹಳಿಯಾಳ ತಾಲ್ಲೂಕಿನಿಂದ, ಸಿದ್ದಿ ಸಮುದಾಯದವರೂ ಸೇರಿದಂತೆ, ಹಲವು ಹುಡುಗಿಯರು ರಾಜ್ಯ ಮತ್ತು ರಾಷ್ಟ್ರ ಮಟ್ಟದಲ್ಲಿ ಹೆಸರು ಮಾಡಿದ್ದಾರೆ. ಜಾತ್ರೆಯ ಕಣಗಳಲ್ಲಿಯೂ ಹುಡುಗಿಯರ ಜೋಡಿಗಳು ಕಾಣಿಸಿಕೊಳ್ಳುತ್ತಿವೆ. ಗಮನಿಸಬೇಕಾದುದೆಂದರೆ ಹುಡುಗಿಯರ ಕುಸ್ತಿ ಮ್ಯಾಟಿನಲ್ಲಿ ಬೇರೂರಿ ಅಲ್ಲಿಂದ ಮಣ್ಣಿಗೆ ಬಂದಿದೆ. ಹುಡುಗರದು ಮಣ್ಣಿನಿಂದ ಮ್ಯಾಟಿಗೆ ಹೋಗಿದೆ. ಈ ವಿರುದ್ಧ ದಿಕ್ಕಿನ ಚಲನೆ ಪರಂಪರೆಯ ಪರಿವರ್ತನೆಯನ್ನು ಅಭ್ಯಸಿಸುವವರಿಗೆ ಉಪಯುಕ್ತ ವಿಷಯ.

ಸಮಾರೋಪ

ಬೆಳಗಾವಿ–ಖಾನಾಪುರ ಭಾಗದ ಕಿರಿಯರ ಕುಸ್ತಿಯಲ್ಲಿ ಲೀಗಿನ ಎಲ್ಲ ಅಂಗಗಳೂ ಇವೆ. ತಾಲೀಮು ತಂಡವಾಗಿ, ಜಾತ್ರೆಗಳ ಸಾಲು ವೇಳಾಪಟ್ಟಿಯಾಗಿ, ಪಂಚರ ಕಣ್ಣು ವಯೋಮಾನ ಮತ್ತು ತೂಕದ ಅಳತೆಯಾಗಿ, ಜನರ ನೆನಪು ಅಂಕಪಟ್ಟಿಯಾಗಿ ಕೆಲಸ ಮಾಡುತ್ತವೆ. ಈ ನೆನಪು ಬಲವಾಗಿದ್ದ ಕಾಲಕ್ಕೆ ಬರೆಹದ ಅಗತ್ಯವಿರಲಿಲ್ಲ. ಬದುಕಿನ ದಾರಿ ಕಾಗದದ ಮೂಲಕ ಹಾದುಹೋಗುವ ಕಾಲದಲ್ಲಿ ಬರೆಯದ ಗೆಲುವು ಹುಡುಗನ ಕೈ ಹಿಡಿಯುವುದಿಲ್ಲ.

ಆದ್ದರಿಂದ ಜಾತ್ರಾ ಸಮಿತಿಗಳು ಚಿಕ್ಕ ಕುಸ್ತಿಗಳ ಜೋಡಿ, ಊರು, ತಾಲೀಮು, ವಯಸ್ಸು ಹಾಗೂ ಫಲಿತಾಂಶವನ್ನು ಒಂದು ವಹಿಯಲ್ಲಿ ಬರೆದಿಡುವುದು ತುರ್ತಾಗಿ ಆಗಬೇಕಾದ ಕೆಲಸ. ಜಾನಪದ ಕ್ಷೇತ್ರಕಾರ್ಯಕ್ಕೂ ಇದರಲ್ಲಿ ಪಾಠವಿದೆ. ಸಂಶೋಧಕರು ಸಾಮಾನ್ಯವಾಗಿ ದೊಡ್ಡ ಕುಸ್ತಿಯ ಹೊತ್ತಿಗೆ, ದೀಪಗಳು ಹೊತ್ತಿದ ಮೇಲೆ ಕಣಕ್ಕೆ ಬರುತ್ತಾರೆ. ಅಷ್ಟರೊಳಗೆ ಆ ದಿನದ ಬಹುಪಾಲು ಕುಸ್ತಿಗಳು ಮುಗಿದಿರುತ್ತವೆ; ಗೆದ್ದ ಹುಡುಗರು ಕಾಯಿ ಒಡೆದು ಹಂಚಿಕೊಂಡು ಊರಿನ ಬಸ್ಸು ಹತ್ತಿರುತ್ತಾರೆ. ಈ ಪರಂಪರೆಯನ್ನು ಅರಿಯಬಯಸುವವರು ಮಧ್ಯಾಹ್ನವೇ ಕಣದ ಬಳಿಗೆ ಹೋಗಬೇಕು.